ಬ್ಯಾಂಡ್‌ಗೆ ಡಿಜಿಟಲ್ ಮಿಕ್ಸರ್ ಕೊಳ್ಳುವ ಮುಂಚೆ ಹೊರಗೆ ಹೋಗುವ ದಾರಿ ಎಣಿಸಿ

ಶಿವಮೊಗ್ಗದಲ್ಲಿ ಗಣೇಶನ ಹಬ್ಬ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಶುರುವಾಗುತ್ತದೆ: ನಮ್ಮ ಟೀಮ್‌ಗೆ ಒಂದು ಡಿಜಿಟಲ್ ಮಿಕ್ಸರ್ ಬೇಕು, ಎಷ್ಟು ಚಾನೆಲ್‌ದು ತಗೊಳ್ಳೋಣ? ಅಂಗಡಿಯವರೂ ಚಾನೆಲ್ ಲೆಕ್ಕದಲ್ಲೇ, ಅಂದರೆ ಎಷ್ಟು ಮೈಕ್, ವಾದ್ಯ ಒಳಗೆ ಹಾಕಬಹುದು ಅನ್ನುವ ಲೆಕ್ಕದಲ್ಲೇ ಮಾರುತ್ತಾರೆ. 12, 16, 32 ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುವುದೂ ಅದೇ. ಆದರೆ ತಗೊಂಡು ಆರು ತಿಂಗಳಾದ ಮೇಲೆ ಬ್ಯಾಂಡ್‌ನವರು ಗೊಣಗುವುದು ಚಾನೆಲ್ ಸಾಲಲಿಲ್ಲ ಅಂತ ಅಲ್ಲ. "ನನಗೆ ನನ್ನ ದನಿ ಕೇಳಿಸ್ತಿಲ್ಲ, ತಬಲಾದವನಿಗೆ ಕೀಬೋರ್ಡ್ ಜಾಸ್ತಿ ಆಯ್ತು, ರೆಕಾರ್ಡಿಂಗ್‌ನಲ್ಲಿ ಎಲ್ಲ ಸೇರಿ ಒಂದೇ ಮುದ್ದೆ" ಅಂತ. ಮೂರೂ ಮಿಕ್ಸರ್‌ನಿಂದ ಹೊರಗೆ ಹೋಗುವ ದಾರಿಯ ಸಮಸ್ಯೆ. ಹಾಗಾಗಿ ಮೊದಲು ಹೊರದಾರಿ ಎಣಿಸಿ, ಆಮೇಲೆ ಚಾನೆಲ್ ನೋಡಿ.

ಕಾಗದ, ಪೆನ್ನು ತಗೊಳ್ಳಿ

ಭಾವಗೀತೆ, ಸಿನಿಮಾ ಹಾಡು ಎರಡೂ ಹೇಳುವ ಒಂದು ಟೀಮ್ ಅಂದುಕೊಳ್ಳಿ. ತೀರ್ಥಹಳ್ಳಿ, ಸಾಗರ, ಹೊಸನಗರ ಸುತ್ತ ಇಂಥವು ಬೇಕಾದಷ್ಟಿವೆ. ಹಾಡುವವರು ಇಬ್ಬರು, ಕೋರಸ್‌ಗೆ ಒಂದು ಮೈಕ್, ಅಲ್ಲಿಗೆ 3. ಕೀಬೋರ್ಡ್ ಸ್ಟೀರಿಯೋ ಆದರೆ 2. ತಬಲಾಕ್ಕೆ 2. ಕೊಳಲು, ಗಿಟಾರ್, ಬೇಸ್ ಒಂದೊಂದು. ರಿದಂ ಪ್ಯಾಡ್‌ಗೆ 2. ಒಟ್ಟು 12 ಆಯಿತು. ಇಲ್ಲಿಗೆ ನಿಲ್ಲಿಸಿ 12 ಚಾನೆಲ್‌ದು ಸಾಕು ಅಂದುಕೊಳ್ಳುವವರೇ ಜಾಸ್ತಿ. ನಿರೂಪಕರ ಮೈಕ್ ಎಲ್ಲಿ? ಸ್ವಾಗತ, ಸನ್ಮಾನ, ವಂದನಾರ್ಪಣೆ ಎಲ್ಲ ಅದರಲ್ಲೇ ಆಗಬೇಕಲ್ವಾ. ಅದಕ್ಕೆ 1. ರೆಕಾರ್ಡಿಂಗ್‌ಗೆ ಜನರ ಚಪ್ಪಾಳೆ ಬೇಕೆಂದರೆ ಸಭೆ ಕಡೆ ತಿರುಗಿಸಿದ ಮೈಕ್ 2. ಲ್ಯಾಪ್‌ಟಾಪ್‌ನಿಂದ ಟ್ರ್ಯಾಕ್ ಬಿಡುವುದಿದ್ದರೆ ಇನ್ನೂ 2. ಈಗ 17.

ಇನ್ನು ಹೊರಗೆ ಹೋಗುವ ಕಡೆ. ಮುಂದಿನ ದೊಡ್ಡ ಸ್ಪೀಕರಿಗೆ ಹೋಗುವ ಮೇನ್ ಬಿಡಿ, ಅದು ಎಲ್ಲ ಮಿಕ್ಸರಿನಲ್ಲೂ ಇರುತ್ತದೆ. ಗಾಯಕ, ಗಾಯಕಿ, ಕೀಬೋರ್ಡ್, ತಬಲಾ, ಗಿಟಾರ್-ಬೇಸ್ ಇಬ್ಬರಿಗೂ ಸೇರಿ ಒಂದು, ಪ್ಯಾಡ್ ನುಡಿಸುವವರಿಗೆ ಒಂದು. ಕಲಾವಿದರು ತಮ್ಮ ದನಿ ತಾವು ಕೇಳಿಸಿಕೊಳ್ಳಲು ಆರು ಬೇರೆ ಬೇರೆ ಮಾನಿಟರ್ ಮಿಕ್ಸ್. ಅಂದರೆ 6 ಆಕ್ಸ್ ಔಟ್ (ಮೇನ್ ಬಿಟ್ಟು ಬೇರೆ ಮಿಕ್ಸ್ ಹೊರಗೆ ಕಳಿಸುವ ದಾರಿ) ಬೇಕು. ಇದು ನೆಲದ ಮೇಲಿಡುವ ಸ್ಪೀಕರ್ ಲೆಕ್ಕ. ಎಲ್ಲರೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಅದೂ ಸ್ಟೀರಿಯೋದಲ್ಲಿ ಕೇಳಬೇಕು ಅಂದರೆ ಆರು ಹೋಗಿ ಹನ್ನೆರಡು. ಯೂಟ್ಯೂಬ್ ಲೈವ್ ಇದ್ದರೆ ಅದಕ್ಕೂ ಬೇರೆ ಮಿಕ್ಸ್ ಬೇಕು, ಯಾಕಂದರೆ ಹಾಲ್‌ನಲ್ಲಿ ತಬಲಾ ತನ್ನ ಪಾಡಿಗೆ ತಾನೇ ಕೇಳುತ್ತದೆ, ಮಿಕ್ಸರಿನಲ್ಲಿ ಅದನ್ನು ಕಡಿಮೆ ಇಟ್ಟಿರುತ್ತೀರಿ. ಅದೇ ಮಿಕ್ಸ್ ಲೈವ್‌ಗೆ ಕೊಟ್ಟರೆ ಮನೆಯಲ್ಲಿ ಕೂತು ನೋಡುವವರಿಗೆ ತಬಲಾನೇ ಇರುವುದಿಲ್ಲ.

ಈ ಎರಡು ಪಟ್ಟಿ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಬೆಹ್ರಿಂಗರ್ ಎಕ್ಸ್‌ಆರ್18 ಅನ್ನೇ ನೋಡಿ. 16 ಮೈಕ್ ಇನ್‌ಪುಟ್, ಮೇಲೆ 2 ಲೈನ್ ಇನ್‌ಪುಟ್, 6 ಆಕ್ಸ್ ಔಟ್. ಲ್ಯಾಪ್‌ಟಾಪ್ ಟ್ರ್ಯಾಕನ್ನು ಆ ಲೈನ್ ಇನ್‌ಪುಟ್‌ಗೆ ಹಾಕಿದರೆ ಮೇಲಿನ ಟೀಮ್‌ಗೆ ಸರಿಯಾಗಿ ಕೂರುತ್ತದೆ, ನೆಲದ ಮಾನಿಟರ್ ಆದರೆ. ಆದರೆ ಆರೂ ಆಕ್ಸ್ ಅಲ್ಲಿಗೇ ಮುಗಿದವು. ಸ್ಟೀರಿಯೋ ಇಯರ್‌ಫೋನ್ ಬೇಕೆಂದರೆ ಮೂರೇ ಜನಕ್ಕೆ ಸಾಕು. ಲೈವ್‌ಗೆ ಬೇರೆ ಮಿಕ್ಸ್ ಕೊಡಬೇಕೆಂದರೆ ಯಾರಾದರೂ ಒಬ್ಬರ ಮಾನಿಟರ್ ಕಿತ್ತುಕೊಳ್ಳಬೇಕು, ಜಗಳ ಗ್ಯಾರಂಟಿ.

"ಯುಎಸ್‌ಬಿ ರೆಕಾರ್ಡಿಂಗ್ ಇದೆ" ಅಂದರೆ ಏನಿದೆ?

ಜನ ಜಾಸ್ತಿ ಎಡವುವುದು ಇಲ್ಲೇ. ಪೆಟ್ಟಿಗೆ ಮೇಲೆ ಯುಎಸ್‌ಬಿ ರೆಕಾರ್ಡಿಂಗ್ ಅಂತ ಬರೆದಿದ್ದರೆ ಅದು ಮೂರರಲ್ಲಿ ಒಂದಾಗಿರಬಹುದು. ಮೊದಲನೆಯದು, ಎಲ್ಲ ಸೇರಿಸಿದ ಎರಡು ಟ್ರ್ಯಾಕ್ ಪೆನ್‌ಡ್ರೈವ್‌ಗೆ ಹೋಗುವುದು. ಎರಡನೆಯದು, ಪ್ರತಿ ಚಾನೆಲ್ ಬೇರೆ ಬೇರೆಯಾಗಿ ಲ್ಯಾಪ್‌ಟಾಪಿಗೆ ಹೋಗುವುದು. ಮೂರನೆಯದು, ಲ್ಯಾಪ್‌ಟಾಪ್ ಇಲ್ಲದೆ ನೇರವಾಗಿ ಡ್ರೈವ್ ಅಥವಾ ಎಸ್‌ಡಿ ಕಾರ್ಡ್‌ಗೆ ಬೇರೆ ಬೇರೆ ಟ್ರ್ಯಾಕ್ ಬೀಳುವುದು. ಮೂರಕ್ಕೂ ಅಜಗಜಾಂತರ.

ಒಂದೇ ಕಂಪನಿಯ ಒಂದೇ ಥರ ಕಾಣುವ ಮಾಡೆಲ್‌ಗಳಲ್ಲೂ ಇದು ಬದಲಾಗುತ್ತದೆ. ಎಕ್ಸ್‌ಆರ್12, ಎಕ್ಸ್‌ಆರ್16 ಪೆನ್‌ಡ್ರೈವ್‌ಗೆ ಎರಡು ಟ್ರ್ಯಾಕ್ ಮಾತ್ರ ಬರೆಯುತ್ತವೆ. ಎಕ್ಸ್‌ಆರ್18ಗೆ ಪೆನ್‌ಡ್ರೈವ್ ಹಾಕಲು ಜಾಗವೇ ಇಲ್ಲ, ಆದರೆ ಲ್ಯಾಪ್‌ಟಾಪಿಗೆ 18 ಟ್ರ್ಯಾಕ್ ಕಳಿಸುತ್ತದೆ, 18 ವಾಪಸ್ ತಗೊಳ್ಳುತ್ತದೆ. ಸೌಂಡ್‌ಕ್ರಾಫ್ಟ್ ಯುಐ16 ಎರಡು ಟ್ರ್ಯಾಕ್. ಅದರ ಅಣ್ಣ ಯುಐ24ಆರ್ ಡ್ರೈವ್‌ಗೆ 22 ಟ್ರ್ಯಾಕ್ ಬರೆಯುತ್ತದೆ, ಲ್ಯಾಪ್‌ಟಾಪಿಗೂ ಕೊಡುತ್ತದೆ. ಬೆಹ್ರಿಂಗರ್ ಎಕ್ಸ್32 ಮೇಲಿರುವ ಪೆನ್‌ಡ್ರೈವ್ ಜಾಗ ಎರಡು ಟ್ರ್ಯಾಕ್‌ದು. 32 ಟ್ರ್ಯಾಕ್ ಬೇಕೆಂದರೆ ಹಿಂದಿರುವ ಕಾರ್ಡ್ ಯಾವುದು ಅಂತ ನೋಡಬೇಕು: ಎಕ್ಸ್-ಯುಎಸ್‌ಬಿ ಇದ್ದರೆ ಲ್ಯಾಪ್‌ಟಾಪ್ ಬೇಕು, ಎಕ್ಸ್-ಲೈವ್ ಇದ್ದರೆ ಎಸ್‌ಡಿ ಕಾರ್ಡ್ ಸಾಕು. ಅಲನ್ ಆ್ಯಂಡ್ ಹೀತ್ ಕ್ಯೂ-16 ಹಾರ್ಡ್ ಡಿಸ್ಕಿಗೆ ನೇರ 18 ಟ್ರ್ಯಾಕ್ ಹಾಕುತ್ತದೆ. 2023ರಲ್ಲಿ ಬಂದ ಅದೇ ಕಂಪನಿಯ ಸಿಕ್ಯೂ-18ಟಿ ಎಸ್‌ಡಿ ಕಾರ್ಡ್‌ಗೆ 16 ಟ್ರ್ಯಾಕ್ ಹಾಕುತ್ತದೆ. ಝೂಮ್ ಎಲ್-20 ಎಸ್‌ಡಿ ಕಾರ್ಡ್‌ಗೆ 22 ಟ್ರ್ಯಾಕ್.

ನನ್ನನ್ನು ಕೇಳಿದರೆ ನಮ್ಮ ಕಡೆಗೆ ಲ್ಯಾಪ್‌ಟಾಪ್ ಇಲ್ಲದ ರೆಕಾರ್ಡಿಂಗೇ ವಾಸಿ. ಚೌಕಿ (ವೇಷ ಹಾಕುವ ಜಾಗ) ಪಕ್ಕ, ಧೂಳು, ಮಳೆ, ಓಡಾಡುವ ಮಕ್ಕಳು, ಇವುಗಳ ನಡುವೆ ಲ್ಯಾಪ್‌ಟಾಪ್ ಇಟ್ಟು ಯುಎಸ್‌ಬಿ ಕೇಬಲ್ ಯಾರೂ ತುಳಿಯದಂತೆ ಮೂರು ಗಂಟೆ ಕಾಯುವುದು ಬೇರೆಯೇ ಒಂದು ಉದ್ಯೋಗ. ಲ್ಯಾಪ್‌ಟಾಪೇ ಬಳಸುವುದಾದರೆ ಅದರ ವೈಫೈ, ಅಪ್‌ಡೇಟ್, ಸ್ಲೀಪ್ ಮೂರನ್ನೂ ಬಂದ್ ಮಾಡಿ. ರೀಪರ್‌ನಂಥ ಹಗುರ ಸಾಫ್ಟ್‌ವೇರ್ ಹಾಕಿಕೊಳ್ಳಿ. ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತಗೊಳ್ಳುವ ದನಿಯ ತುಂಡು) 512 ಅಥವಾ 1024 ಇಡಿ. ರೆಕಾರ್ಡಿಂಗ್‌ಗೆ ಮಾತ್ರ ಆದರೆ ತಡವಾದರೂ ಏನೂ ಆಗುವುದಿಲ್ಲ.

ಜಾಗದ ಲೆಕ್ಕವೂ ಸುಲಭ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಟ್ರ್ಯಾಕ್ ಗಂಟೆಗೆ ಸುಮಾರು ಅರ್ಧ ಜಿಬಿ. 16 ಟ್ರ್ಯಾಕ್ ಅಂದರೆ ಗಂಟೆಗೆ 8 ಜಿಬಿ ಚಿಲ್ಲರೆ. ಮೂರು ಗಂಟೆ ಕಾರ್ಯಕ್ರಮಕ್ಕೆ 25 ಜಿಬಿ. 64 ಜಿಬಿ ಇಟ್ಟುಕೊಂಡರೆ ನಿಶ್ಚಿಂತೆ. ಆದರೆ ಅಗ್ಗದ ಪೆನ್‌ಡ್ರೈವ್ ಅಷ್ಟೊಂದು ಟ್ರ್ಯಾಕನ್ನು ಒಟ್ಟಿಗೆ ಬರೆಯಲಾರದೆ ನಡುವೆ ತಡವರಿಸುತ್ತದೆ. ಕಂಪನಿಯವರು ಪರೀಕ್ಷಿಸಿದ ಡ್ರೈವ್‌ಗಳ ಪಟ್ಟಿ ಕೊಟ್ಟಿದ್ದರೆ ಅದರಲ್ಲೇ ಆರಿಸಿ, ಇಲ್ಲದಿದ್ದರೆ ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿ. 96 ಕಿಲೋಹರ್ಟ್ಸ್ ಇದೆಯಾ ಅಂತ ಕೆಲವರು ತಲೆ ಕೆಡಿಸಿಕೊಳ್ಳುತ್ತಾರೆ. ಜಿಂಕ್ ಶೀಟ್ ಮೇಲೆ ಮಳೆ ಬೀಳುವ ಸಭಾಭವನದಲ್ಲಿ ಅದರಿಂದ ನಿಮಗೆ ಏನೂ ಸಿಗುವುದಿಲ್ಲ, ಬಿಟ್ಟುಬಿಡಿ.

ಇನ್ನೊಂದು ಮುಖ್ಯ ವಿಷಯ, ರೆಕಾರ್ಡಿಂಗ್‌ಗೆ ದನಿ ಎಲ್ಲಿಂದ ಎತ್ತುತ್ತಾರೆ ಅನ್ನುವುದು. ದನಿ ತಿದ್ದುವ ಈಕ್ಯೂ, ಕಂಪ್ರೆಸರ್‌ಗೆ ಮುಂಚೆ ಎತ್ತಿಕೊಂಡರೆ ಒಳ್ಳೆಯದು. ಹಾಲ್‌ನಲ್ಲಿ ಕೂಗು ಬರಬಾರದೆಂದು ನೀವು ಗಾಯಕಿಯ ದನಿಯಲ್ಲಿ ಏನೇನೋ ಕತ್ತರಿಸಿರುತ್ತೀರಿ, ಅದು ರೆಕಾರ್ಡಿಂಗ್‌ಗೆ ಅಂಟಬಾರದು. ಆದರೆ ಗೇನ್ (ದನಿ ಒಳಗೆ ಬರುವಾಗಲೇ ಅದನ್ನು ಏರಿಸುವ ಗುಂಡಿ) ಮಾತ್ರ ಎಲ್ಲದಕ್ಕೂ ಒಂದೇ. ಹಾಡಿನ ನಡುವೆ ಯಾರಾದರೂ ಗೇನ್ ತಿರುಗಿಸಿದರೆ ಮುಂದಿನ ಸ್ಪೀಕರ್, ಮಾನಿಟರ್, ರೆಕಾರ್ಡಿಂಗ್ ಮೂರೂ ಕಡೆ ಒಟ್ಟಿಗೆ ಏರುಪೇರು. ಸೌಂಡ್‌ಚೆಕ್‌ನಲ್ಲೇ ಗೇನ್ ಇಟ್ಟು ಕೈ ತೆಗೆಯಿರಿ. ಜೋರಾಗಿ ಹಾಡಿದಾಗ ಮೀಟರ್ ಮೈನಸ್ 10 ಡಿಬಿ ಆಸುಪಾಸು ಮುಟ್ಟಿದರೆ ಸಾಕು. ಕೆಂಪು ದೀಪ ಹತ್ತುವಷ್ಟು ಏರಿಸಬೇಡಿ. ಡಿಜಿಟಲ್‌ನಲ್ಲಿ ಒಡೆದ ದನಿಯನ್ನು ಆಮೇಲೆ ಯಾರಿಂದಲೂ ಸರಿ ಮಾಡಲಿಕ್ಕಾಗುವುದಿಲ್ಲ.

ಬೇರೆ ಬೇರೆ ಟ್ರ್ಯಾಕ್ ವಾಪಸ್ ಮಿಕ್ಸರಿಗೆ ಬಿಡುವ ಸೌಲಭ್ಯ ಇದ್ದರೆ ಇನ್ನೊಂದು ಲಾಭ. ಹಿಂದಿನ ಕಾರ್ಯಕ್ರಮದ ಟ್ರ್ಯಾಕ್‌ಗಳನ್ನೇ ಮಿಕ್ಸರಿಗೆ ಬಿಟ್ಟು, ಕಲಾವಿದರು ಊಟಕ್ಕೆ ಕೂತಿರುವಾಗಲೇ ನೀವು ಸ್ಪೀಕರ್ ಸರಿ ಮಾಡಿಕೊಳ್ಳಬಹುದು. ಮಲೆನಾಡಿನ ಕಾರ್ಯಕ್ರಮದಲ್ಲಿ ಸೌಂಡ್‌ಚೆಕ್‌ಗೆ ಸಮಯ ಸಿಗುವುದು ಅಪರೂಪ, ಹಾಗಾಗಿ ಇದು ದೊಡ್ಡ ಉಪಕಾರ.

ಕಿವಿಗೆ ಏನು, ನೆಲಕ್ಕೆ ಏನು

ಮಾನಿಟರ್ ಕಳಿಸುವ ಆಕ್ಸ್‌ಗಳನ್ನು ಪ್ರೀ-ಫೇಡರ್ ಇಡಿ, ಅಂದರೆ ದನಿ ಏರಿಸಿ ಇಳಿಸುವ ಜಾರುಗುಂಡಿಗೆ (ಫೇಡರ್) ಮುಂಚೆಯೇ ದನಿ ಎತ್ತಿಕೊಳ್ಳಲಿ. ಇಲ್ಲದಿದ್ದರೆ ಮುಂದೆ ಫೇಡರ್ ಇಳಿಸಿದ ಕೂಡಲೇ ಹಾಡುವವರ ಕಿವಿಯಲ್ಲೂ ದನಿ ಇಳಿಯುತ್ತದೆ. ಲ್ಯಾಪ್‌ಟಾಪ್ ಮೂಲಕ ಹಾಯಿಸಿ ಯಾರಿಗೂ ಮಾನಿಟರ್ ಕೊಡಬೇಡಿ. ಮಿಕ್ಸರ್ ಒಳಗಿನ ತಡ ಒಂದೆರಡು ಮಿಲಿಸೆಕೆಂಡ್ ಅಷ್ಟೇ. ಸ್ಪೀಕರಿನಿಂದ ಒಂದು ಮೀಟರ್ ದೂರ ನಿಂತರೆ ಗಾಳಿಯಲ್ಲೇ ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ಲ್ಯಾಪ್‌ಟಾಪಿನಲ್ಲಿ 512 ಬಫರ್ ಇಟ್ಟರೆ ಹೋಗಿ ಬರುವಷ್ಟರಲ್ಲಿ 20 ಮಿಲಿಸೆಕೆಂಡ್ ದಾಟುತ್ತದೆ. ತಬಲಾದವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಎಲ್ಲರಿಗೂ ವೈರ್‌ಲೆಸ್ ಇಯರ್‌ಫೋನ್ ಸೆಟ್ ತಗೊಳ್ಳಬೇಕಿಲ್ಲ. ತಬಲಾ, ಕೀಬೋರ್ಡ್, ಪ್ಯಾಡ್‌ನವರು ಕೂತಲ್ಲೇ ಕೂರುತ್ತಾರೆ, ಅವರಿಗೆ ತಂತಿಯ ಹೆಡ್‌ಫೋನ್ ಆಂಪ್ಲಿಫೈಯರ್ ಸಾಕು. ಓಡಾಡಿ ಹಾಡುವವರಿಗೆ ಮಾತ್ರ ವೈರ್‌ಲೆಸ್. ಝೂಮ್ ಎಲ್-20ಯಲ್ಲಿ ಆರು ಬೇರೆ ಬೇರೆ ಹೆಡ್‌ಫೋನ್ ಮಿಕ್ಸ್ ನೇರ ಸಿಗುತ್ತದೆ. ಮನೆಯ ಅಟ್ಟದಲ್ಲೋ ಹಾಲ್‌ನಲ್ಲೋ ಅಭ್ಯಾಸ ಮಾಡುತ್ತ ರೆಕಾರ್ಡ್ ಮಾಡುವ ಟೀಮ್‌ಗೆ ಅದು ಹೇಳಿ ಮಾಡಿಸಿದ್ದು. ಎಕ್ಸ್32, ಎಕ್ಸ್‌ಆರ್18 ಎರಡರಲ್ಲೂ ಅಲ್ಟ್ರಾನೆಟ್ ಅಂತ ಒಂದು ಪೋರ್ಟ್ ಇದೆ. ಅದಕ್ಕೆ ಪಿ16 ಪೆಟ್ಟಿಗೆ ಸೇರಿಸಿದರೆ ಪ್ರತಿಯೊಬ್ಬರಿಗೂ 16 ಚಾನೆಲ್ ಹೋಗುತ್ತದೆ, ತಮಗೆ ಬೇಕಾದ ಹಾಗೆ ತಾವೇ ತಿರುಗಿಸಿಕೊಳ್ಳುತ್ತಾರೆ. ಆಕ್ಸ್ ಸಾಲದವರಿಗೆ ಇದು ಒಳ್ಳೆಯ ದಾರಿ. ಇಯರ್‌ಫೋನ್ ಹಾಕಿದ ಪ್ರತಿ ಬಸ್ (ಮಿಕ್ಸ್ ಹೋಗುವ ದಾರಿ) ಮೇಲೂ ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕಿ. ಮೈಕ್ ಕೆಳಗೆ ಬಿದ್ದ ಸದ್ದು ಹಾಗೇ ಕಿವಿಗೆ ಹೊಡೆದರೆ ಕಿವಿಗೇ ಸಂಚಕಾರ.

ಯಕ್ಷಗಾನ ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಚೆಂಡೆಗೆ ಬೇರೆ ಮೈಕ್ ಇಡದಿದ್ದರೂ ಅದು ಭಾಗವತರ ಮೈಕ್‌ನಲ್ಲಿ ಬಂದೇ ಬರುತ್ತದೆ. ಚೆಂಡೆ, ಮದ್ದಳೆ, ಭಾಗವತರು ಮೂವರಿಗೂ ಬೇರೆ ಬೇರೆ ಟ್ರ್ಯಾಕ್ ಮಾಡಿ, ಭಾಗವತರಿಗೆ ಬಾಯಿ ಹತ್ತಿರ ಹಿಡಿಯುವ ಡೈನಮಿಕ್ ಮೈಕ್ ಕೊಡಿ, ಚೆಂಡೆ ಅದರ ಬೆನ್ನ ಕಡೆಗೆ ಬರುವ ಹಾಗೆ ನಿಲ್ಲಿಸಿ. ಕಂಡೆನ್ಸರ್ ಮೈಕ್ ಇಟ್ಟರೆ ಹಾಡಿಗಿಂತ ಚೆಂಡೆಯೇ ಜಾಸ್ತಿ ಬೀಳುತ್ತದೆ. ಆಮೇಲೆ ಮನೆಯಲ್ಲಿ ಕೂತು ಎಷ್ಟು ಸರಿ ಮಾಡಿದರೂ ಅಷ್ಟೇ.

ಫೇಡರ್ ಇರುವುದಾ, ಟ್ಯಾಬ್ಲೆಟ್ಟಾ?

ಫೇಡರ್ ಇಲ್ಲದ ಪೆಟ್ಟಿಗೆ ಮಿಕ್ಸರ್‌ಗಳು ಅಗ್ಗ, ಹಗುರ, ಬೈಕ್ ಹಿಂದೆ ಕಟ್ಟಿಕೊಂಡು ಹೋಗಬಹುದು. ವೇದಿಕೆ ಮೇಲೇ ಇಡುವುದರಿಂದ ಎಲ್ಲ ಮೈಕ್ ತಂತಿ ಒಟ್ಟಿಗೆ ಒಯ್ಯುವ ಉದ್ದದ ಸ್ನೇಕ್ ಕೇಬಲ್ ಬೇಡ. ಮಳೆಗಾಲದ ಮೊದಲ ವಾರದಲ್ಲಿ ದೀಪಕ್ಕೆ ಮುತ್ತುವ ರೆಕ್ಕೆಹುಳ ಫೇಡರ್ ಸಂದಿಗೆ ಬಿದ್ದು ಸಾಯುವ ಕಾಟವೂ ಇಲ್ಲ. ತೊಂದರೆ ಒಂದೇ, ವೈಫೈ. ಎಕ್ಸ್‌ಆರ್18 ಒಳಗಿನ ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಓಡುತ್ತದೆ. ಅಭ್ಯಾಸದ ಕೋಣೆಯಲ್ಲಿ ಚೆನ್ನಾಗಿರುತ್ತದೆ. ಸಭೆಯಲ್ಲಿ ಐನೂರು ಜನ ಮೊಬೈಲ್ ಹಿಡಿದು ಕೂತ ಮೇಲೆ ನೋಡಿ ಮಜಾ. ಮಿಕ್ಸರ್ ಮುಂದಿನ ಸ್ವಿಚ್ ಅನ್ನು ಈಥರ್ನೆಟ್‌ಗೆ ತಳ್ಳಿ, ಒಂದು ಎರಡು-ಬ್ಯಾಂಡ್ ರೂಟರ್ ಸೇರಿಸಿ, ಟ್ಯಾಬ್ಲೆಟ್ ಅನ್ನು 5 ಗಿಗಾಹರ್ಟ್ಸ್‌ನಲ್ಲಿ ಓಡಿಸಿ. ರೂಟರನ್ನು ನೆಲದ ಮೇಲಿಡದೆ ಸ್ಟ್ಯಾಂಡಿಗೆ ಎತ್ತರದಲ್ಲಿ ಕಟ್ಟಿ. ಅದರ ಪಾಸ್‌ವರ್ಡ್ ಬ್ಯಾಂಡ್ ಹೆಸರಾಗಿರಬಾರದು. ಇನ್ನೊಂದು ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ತಯಾರಿಟ್ಟುಕೊಳ್ಳಿ, ಒಂದಾದರೂ ತಂತಿಯಲ್ಲಿರಲಿ. ವೈಫೈ ಹೋದರೆ ದನಿ ನಿಲ್ಲುವುದಿಲ್ಲ, ಮಿಕ್ಸಿಂಗ್ ನಡೆಯುವುದು ಪೆಟ್ಟಿಗೆಯೊಳಗೆ. ಕೈ ಮಾತ್ರ ಕಟ್ಟಿಹಾಕಿದಂತಾಗುತ್ತದೆ, ಅದೇ ಹೊತ್ತಿಗೆ ಮೈಕ್ ಕೂಗಲು ಶುರುವಾದರೆ ಕಥೆ ಮುಗಿಯಿತು. ಯುಐ24ಆರ್ ಯಾವ ಆ್ಯಪೂ ಬೇಡದೆ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ, ಕೈಗೆ ಸಿಕ್ಕ ಮೊಬೈಲ್‌ನಲ್ಲೂ ನಡೆಸಬಹುದು.

ಸೌಂಡ್ ನೋಡಿಕೊಳ್ಳಲೆಂದೇ ಒಬ್ಬರು ನಿಮ್ಮ ಜೊತೆ ಕಾಯಂ ಇದ್ದರೆ ಫೇಡರ್ ಇರುವುದೇ ತಗೊಳ್ಳಿ. ಇಬ್ಬರು ಒಟ್ಟಿಗೆ ಮೈಕ್ ಎತ್ತಿಕೊಂಡಾಗ ಎರಡು ಬೆರಳು ಮಾಡುವ ಕೆಲಸವನ್ನು ಟ್ಯಾಬ್ಲೆಟ್‌ನಲ್ಲಿ ಪುಟ ಹುಡುಕಿ ಮಾಡುವಷ್ಟರಲ್ಲಿ ಚರಣ ಮುಗಿದಿರುತ್ತದೆ. 2012ರಲ್ಲಿ ಬಂದ ಎಕ್ಸ್32 ಹಳೆಯದಾದರೂ 16 ಬಸ್, 16 ಔಟ್ ಇರುವುದರಿಂದ ಬ್ಯಾಂಡ್ ಕೆಲಸಕ್ಕೆ ಈಗಲೂ ಗಟ್ಟಿ. ಅದರ ಚಿಕ್ಕ ಮಾಡೆಲ್ ಎಕ್ಸ್32 ಕಾಂಪ್ಯಾಕ್ಟ್ ತಗೊಂಡರೆ ಒಳಗಿನ ಮೆದುಳು ಅದೇ, ಆದರೆ 16 ಮೈಕ್, 8 ಔಟ್ ಮಾತ್ರ. ಮುಂದೆ ಎಸ್16 ಸ್ಟೇಜ್‌ಬಾಕ್ಸ್ (ವೇದಿಕೆ ಮೇಲೆ ಮೈಕ್ ಚುಚ್ಚುವ ಪೆಟ್ಟಿಗೆ) ಸೇರಿಸಿದರೆ 16 ಇನ್, 8 ಔಟ್ ಕೂಡುತ್ತದೆ. ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ಕಡೆ ಸಭೆಯ ಹಿಂದೆ ಮಿಕ್ಸರ್ ಇಡಬೇಕಾದರೆ ಈ ಸ್ಟೇಜ್‌ಬಾಕ್ಸ್ ಬೇಕೇ ಬೇಕು. ಅದಕ್ಕೆ ಮನೆಯ ಇಂಟರ್ನೆಟ್ ಕೇಬಲ್ ನಡೆಯುವುದಿಲ್ಲ. ಶೀಲ್ಡ್ ಇರುವ ಕ್ಯಾಟ್5ಇ, ತುದಿಯಲ್ಲಿ ಲೋಹದ ಈಥರ್‌ಕಾನ್ ಕನೆಕ್ಟರ್ ಇರುವುದೇ ಬೇಕು. ಎರಡು ಕೇಬಲ್ ಒಯ್ಯಿರಿ.

ಕರೆಂಟು ಮತ್ತು ತಂಡಿ

ಡಿಜಿಟಲ್ ಮಿಕ್ಸರ್ ಅರೆಕ್ಷಣ ಕರೆಂಟ್ ಹೋದರೂ ಪೂರ್ತಿ ಆರಿ ಮತ್ತೆ ಎದ್ದು ಬರಬೇಕು. ಅಷ್ಟರಲ್ಲಿ ಹಾಡು ನಿಂತಿರುತ್ತದೆ, ಡ್ರೈವ್‌ಗೆ ಬರೆಯುತ್ತಿದ್ದ ಫೈಲ್ ಮುಚ್ಚಿಕೊಳ್ಳದೆ ಕೆಟ್ಟಿರುತ್ತದೆ. ಹಾಗಾಗಿ ಯುಪಿಎಸ್ ಅನ್ನು ಮಿಕ್ಸರ್‌ನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಕಂಪ್ಯೂಟರಿಗೆ ಬಳಸುವ 600 ವಿಎ ಯುಪಿಎಸ್ ಸಾಕು. ಎಕ್ಸ್32 ಥರದ್ದೂ ಸುಮಾರು 120 ವ್ಯಾಟ್ ತಿನ್ನುವುದು. ಯುಪಿಎಸ್ ಮೇಲೆ ಮಿಕ್ಸರ್, ರೂಟರ್, ಸ್ಟೇಜ್‌ಬಾಕ್ಸ್ ಮಾತ್ರ. ಆಂಪ್ಲಿಫೈಯರ್ ಹಾಕಿದರೆ ಯುಪಿಎಸ್ ಅಲ್ಲೇ ಕೈಕೊಡುತ್ತದೆ.

ಸಾಗರದ ಮಾರಿಕಾಂಬಾ ಜಾತ್ರೆಯಂಥ ಬಯಲು ಕಾರ್ಯಕ್ರಮದಲ್ಲಿ ಜನರೇಟರ್ ಇರುತ್ತದೆ. ಮಲ್ಟಿಮೀಟರ್ ಇಲ್ಲದೆ ಪ್ಲಗ್ ಹಾಕಬೇಡಿ. ಫೇಸ್-ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ನ್ಯೂಟ್ರಲ್-ಅರ್ತ್ ನಡುವೆ ಒಂದೆರಡು ವೋಲ್ಟ್‌ಗಿಂತ ಜಾಸ್ತಿ ಇರಬಾರದು. ತ್ರೀ-ಫೇಸ್ ಲೈನ್‌ನಲ್ಲಿ ನ್ಯೂಟ್ರಲ್ ಸಡಿಲವಾದರೆ 230 ಇರಬೇಕಾದ ಕಡೆ 400ರ ಹತ್ತಿರ ಬರಬಹುದು, ಮಿಕ್ಸರ್ ಉಳಿಯುವುದಿಲ್ಲ. ವೇದಿಕೆಗೂ ಮಿಕ್ಸರಿಗೂ ಒಂದೇ ಕಡೆಯಿಂದ ಕರೆಂಟ್ ತಗೊಳ್ಳಿ, ಅರ್ಧ ಗುಂಯ್‌ಗುಡುವ ಸದ್ದು ಅಲ್ಲಿಗೇ ಹೋಗುತ್ತದೆ. ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರಿದ್ದಾರೆ. ಒದ್ದೆ ನೆಲದ ಮೇಲೆ ನಿಂತು ಮೈಕ್ ಹಿಡಿದವರ ಜೀವಕ್ಕೇ ಅಪಾಯ ಅದು, ಅವರನ್ನು ಹತ್ತಿರ ಬಿಡಬೇಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆ ಕಡೆ ಬಟ್ಟೆಯೇ ಒಣಗುವುದಿಲ್ಲ, ಮಿಕ್ಸರ್ ಒಣಗಿರುತ್ತದಾ? ಮುಚ್ಚಿಟ್ಟ ಕೇಸ್ ಒಳಗಿನ ಫೋಮ್‌ಗೆ ಬೂಷ್ಟು ಬರುತ್ತದೆ, ಜ್ಯಾಕ್‌ಗಳು ಕರ್ರಗಾಗಿ ಕರಕರ ಅನ್ನುತ್ತವೆ. ಕೇಸ್‌ನಲ್ಲಿ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಕಾರ್ಯಕ್ರಮ ಇಲ್ಲದಿದ್ದರೂ ವಾರಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೇ ತೇವ ಹೋಗುತ್ತದೆ. ಕಂಡೆನ್ಸರ್ ಮೈಕ್‌ಗಳಿಗೂ ಇದೇ ಉಪಚಾರ.

ಕೊನೆಗೆ ಯಾವುದು?

ಆರು ಜನ, ನೆಲದ ಮಾನಿಟರ್, ಒಂದು ಹಳೆಯ ಲ್ಯಾಪ್‌ಟಾಪ್ ಇದೆ ಅಂದರೆ ಎಕ್ಸ್‌ಆರ್18 ಮತ್ತು ಒಳ್ಳೆಯ ರೂಟರ್. ಲ್ಯಾಪ್‌ಟಾಪ್ ಬೇಡ, ಎಂಟು ಜನಕ್ಕೆ ಬೇರೆ ಬೇರೆ ಮಾನಿಟರ್ ಬೇಕು ಅಂದರೆ ಯುಐ24ಆರ್, ಅದರಲ್ಲಿ 20 ಮೈಕ್ ಇನ್‌ಪುಟ್, 8 ಆಕ್ಸ್ ಔಟ್ ಇದೆ. ಯಾರಿಗೂ ತಾಂತ್ರಿಕ ತಲೆನೋವು ಬೇಡ ಅಂದರೆ ಸಿಕ್ಯೂ-18ಟಿ, ಗೇನ್ ಇಡಲು ಅದೇ ಸಹಾಯ ಮಾಡುತ್ತದೆ. ಸ್ಟೀರಿಯೋ ಇಯರ್‌ಫೋನ್, ಲೈವ್, ರೆಕಾರ್ಡಿಂಗ್ ಎಲ್ಲ ಬೇಕು ಅಂದರೆ ಎಕ್ಸ್32 ಕುಟುಂಬಕ್ಕಿಂತ ಕೆಳಗೆ ಇಳಿಯಬೇಡಿ.

ಏನೇ ಆರಿಸಿದರೂ ಮೊದಲು ಅದೇ ಮಾಡೆಲ್ ಬಾಡಿಗೆಗೆ ತಂದು ಒಂದು ಪೂರ್ತಿ ಕಾರ್ಯಕ್ರಮ ಮಾಡಿ. ಕೆಟ್ಟರೆ ರಿಪೇರಿಗೆ ಎಲ್ಲಿಗೆ ಕಳಿಸಬೇಕು ಅಂತ ಬಿಲ್ ಮಾಡಿಸುವ ಮುಂಚೆ ಕೇಳಿ. ಬೆಂಗಳೂರಿಗೆ ಅಂದರೆ 300 ಕಿಲೋಮೀಟರ್, ಅಲ್ಲಿಂದ ಮುಂದೆ ಬೇರೆ ಊರಿಗೆ ಅಂದರೆ ಸೀಸನ್ ಪೂರ್ತಿ ಹೋಯಿತು. ಹಳೆಯದು ಕೊಳ್ಳುವುದಾದರೆ ಹೋಗುವಾಗ ಒಂದು ಮೈಕ್, ಒಂದು ಕೇಬಲ್, ಒಂದು ಹೆಡ್‌ಫೋನ್ ತಗೊಂಡು ಹೋಗಿ. ಪ್ರತಿ ಇನ್‌ಪುಟ್‌ಗೂ ಮೈಕ್ ಹಾಕಿ ನೋಡಿ, ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಬರುತ್ತದಾ ನೋಡಿ, ಪ್ರತಿ ಔಟ್‌ಪುಟ್‌ನಲ್ಲೂ ದನಿ ಕೇಳಿ. ಬೇರೆ ಬೇರೆ ಎರಡು ಸೀನ್ (ಎಲ್ಲ ಸೆಟ್ಟಿಂಗ್ ಒಟ್ಟಿಗೆ ಉಳಿಸಿದ್ದು) ಸೇವ್ ಮಾಡಿ ಬದಲಿಸಿದಾಗ ಫೇಡರ್‌ಗಳೆಲ್ಲ ಒಟ್ಟಿಗೆ ಓಡಬೇಕು. ಯಾವುದಾದರೂ ಒಂದು ನಡುವೆ ನಡುಗುತ್ತ ನಿಂತರೆ ಹೊಸ ಫೇಡರಿನ ಬೆಲೆ ಕಳೆದು ಮಾತಾಡಿ. ರೆಕಾರ್ಡಿಂಗ್ ಕಾರ್ಡ್ ಇದೆ ಅಂತ ಬಾಯಿಮಾತಿಗೆ ನಂಬದೆ ಅಲ್ಲೇ ಹತ್ತು ನಿಮಿಷ ಎಲ್ಲ ಟ್ರ್ಯಾಕ್ ರೆಕಾರ್ಡ್ ಮಾಡಿ, ವಾಪಸ್ ಕೇಳಿ, ಆಮೇಲೆ ದುಡ್ಡು ಕೊಡಿ.